ತೋಟದ ತಕ್ಕಡಿ, ಹಬ್ಬದ ತಟ್ಟೆ: ದಿನದ ಬದುಕಲ್ಲಿ ಕ್ರೈಸ್ತ ಸಾಕ್ಷಿ ಎಲ್ಲೆಲ್ಲಿ ಕಾಣಬೇಕು?

ಅಮ್ಮತ್ತಿ ರೋಬಸ್ಟಾ

ಭಾನುವಾರ ಪ್ರಸಂಗದಲ್ಲಿ ‘ನೀವು ಲೋಕಕ್ಕೆ ಬೆಳಕಾಗಿದ್ದೀರಿ’ ಅಂತ ಕೇಳಿ, ಆಮೆನ್ ಹೇಳಿ ಮನೆಗೆ ಬರ್ತೇವೆ. ಸೋಮವಾರ ಬೆಳಿಗ್ಗೆ ನಮ್ಮ ಕೊಡಗಿನ ಕಾಫಿ ತೋಟದಲ್ಲಿ ಹಾಜರಿ ಕರೆಯುವ ಹೊತ್ತಿಗೆ ಆ ಬೆಳಕು ಹೇಗಿರಬೇಕು ಅಂತ ಮಾತ್ರ ಯಾರೂ ಬಿಡಿಸಿ ಹೇಳೋದಿಲ್ಲ. ಯುವಜನರ ಕೂಟಕ್ಕೆ ಈ ವಿಷಯ ಇಟ್ಟುಕೊಂಡಿದ್ದೇವೆ. ‘ಪ್ರೀತಿಯಿಂದಿರಿ, ನಗುನಗುತ್ತಾ ಮಾತಾಡಿ’ ಅನ್ನೋ ಉತ್ತರ ಬೇಡ, ಅದು ಕ್ಯಾಲೆಂಡರಿನಲ್ಲೇ ಇದೆ. ತೋಟ ಇರುವವರು, ತೋಟದ ಲೆಕ್ಕ ಬರೆಯುವ ರೈಟರ್‌ಗಳು, ವ್ಯಾಪಾರಿಗಳು, ನರ್ಸ್‌ಗಳು ನಿಮ್ಮ ನಿಮ್ಮ ಕೆಲಸದಲ್ಲಿ ಏನು ಮಾಡಿದರೆ ನಂಬಿಕೆ ಕಾಣುತ್ತದೆ, ಏನು ಮಾಡಿದರೆ ಕೆಡುತ್ತದೆ ಅಂತ ಅಳತೆ ಸಮೇತ ಬರೆಯಿರಿ. ಕ್ರೈಸ್ತರಲ್ಲದವರೂ ಬರೆಯಬಹುದು. ನಮ್ಮನ್ನು ಹೊರಗಿನಿಂದ ನೋಡುವವರು ನೀವೇ ತಾನೆ. ಸ್ವಂತ ಅನುಭವ ಸಾಕ್ಷಿಗೆ, ಪವಾಡದ ಕಥೆಗಳಿಗೆ ಬೇರೆ ಚರ್ಚೆ ನಡೀತಾ ಇದೆ, ಇಲ್ಲಿ ಬೇಡ.

ಹಳೇ ರೈಟರ್

ತಕ್ಕಡಿಯಿಂದ ಶುರು ಮಾಡಿ. ಕೊಯ್ಲಿನ ತಿಂಗಳುಗಳಲ್ಲಿ ಪ್ರತಿಯೊಬ್ಬ ಆಳಿನ ಕಣ್ಣೂ ದಿನಾ ಸಂಜೆ ನೆಡುವುದು ಅಲ್ಲೇ. ಸೌಕಾರ್ರು ಚರ್ಚಿಗೆ ಹೋಗ್ತಾರೋ ಇಲ್ಲವೋ ಅಂತ ಲೈನ್ ಮನೆಯವರಿಗೆ (ಆಳುಗಳ ಸಾಲುಮನೆಯಲ್ಲಿ ಇರುವವರಿಗೆ) ಗೊತ್ತಿರಬೇಕಾಗಿಲ್ಲ. ತೂಕ ಸರಿಯೋ ಅಲ್ಲವೋ ಅನ್ನೋದು ಅವರಿಗೆ ಕೈಯಳತೆಯಲ್ಲೇ ಗೊತ್ತು.

ಚೀಲದ ತೂಕ ಅಂತ 1 ಕೆ.ಜಿ. ಕಳೆಯುವುದು ಹಳೇ ರೂಢಿ. ಸೆಣಬಿನ ಗೋಣಿ ಇದ್ದ ಕಾಲಕ್ಕೆ ಅದು ಹೆಚ್ಚುಕಡಿಮೆ ಸರಿಯೇ ಇತ್ತು. ಈಗ ಹಣ್ಣು ತುಂಬುವುದು ಗೊಬ್ಬರ ಬಂದ ಪ್ಲಾಸ್ಟಿಕ್ ಚೀಲದಲ್ಲಿ. ಅದರ ತೂಕ ಸುಮಾರು 120 ಗ್ರಾಂ. ಕಳೆಯುವುದು ಮಾತ್ರ ಇನ್ನೂ 1 ಕೆ.ಜಿ. ಲೆಕ್ಕ ಹಾಕಿ ನೋಡಿ: ಚೀಲಕ್ಕೆ 880 ಗ್ರಾಂ ಹೆಚ್ಚು ಕಡಿತ, ಒಬ್ಬರಿಗೆ ದಿನಕ್ಕೆ 3 ಚೀಲ ಅಂದರೆ 2.64 ಕೆ.ಜಿ. ಕೊಯ್ಲಿನ ದರ ಕೆ.ಜಿ.ಗೆ 5 ರೂಪಾಯಿ ಅಂತ ಇಟ್ಟುಕೊಂಡರೆ ದಿನಕ್ಕೆ 13 ರೂಪಾಯಿ 20 ಪೈಸೆ. 60 ದಿನಕ್ಕೆ 792. ಆಳು 20 ಇದ್ದರೆ 15,840 ರೂಪಾಯಿ. ಇಷ್ಟು ದುಡ್ಡು ಯಾರೂ ಕದ್ದದ್ದಲ್ಲ, ‘ರೂಢಿ’ ಕದ್ದದ್ದು. ಕ್ರಿಸ್‌ಮಸ್‌ಗೆ ಅದೇ 20 ಜನಕ್ಕೆ ಒಂದೊಂದು ಕಂಬಳಿ ಕೊಟ್ಟು ಫೋಟೋ ತೆಗೆಸಿಕೊಂಡರೆ ಕಂಬಳಿ ಯಾರ ದುಡ್ಡಿನದು ಅಂತ ಅವರಿಗೆ ಗೊತ್ತಿರುತ್ತದೆ.

ಮಾಡಬೇಕಾದ್ದು ಇಷ್ಟು. ಖಾಲಿ ಚೀಲ ಒಂದನ್ನೇ ತೂಗಬೇಡಿ. ದೊಡ್ಡ ತಕ್ಕಡಿಗೆ ಅಷ್ಟು ಸಣ್ಣ ತೂಕ ಸರಿಯಾಗಿ ಸಿಗೋದಿಲ್ಲ. ಹತ್ತು ಚೀಲ ಕಟ್ಟಿ ಒಟ್ಟಿಗೆ ತೂಗಿ, ಹತ್ತರಿಂದ ಭಾಗಿಸಿ, ಆ ಅಂಕಿಯನ್ನು ತಕ್ಕಡಿ ಪಕ್ಕ ಸೀಮೆಸುಣ್ಣದಲ್ಲಿ ಬರೆದಿಡಿ. ಎಲೆಕ್ಟ್ರಾನಿಕ್ ತಕ್ಕಡಿಯ ಅಂಕಿ ಕಾಣುವ ಮುಖ ರೈಟರ್ ಕಡೆಗಲ್ಲ, ಆಳಿನ ಕಡೆಗೆ ತಿರುಗಿರಲಿ. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಎಲೆಕ್ಟ್ರಾನಿಕ್ ತಕ್ಕಡಿಗೆ 12 ತಿಂಗಳಿಗೊಮ್ಮೆ ಆಗಬೇಕು. ಮುದ್ರೆ ಇದ್ದರೂ ತಪ್ಪುತ್ತದೆ, ಕಾರಣ ಸಾಮಾನ್ಯವಾಗಿ ಮೂರು. ಓರೆ ನೆಲ, ಇಳಿದ ಬ್ಯಾಟರಿ, ತಟ್ಟೆಯ ಮೇಲಿನ ಮಣ್ಣು ಕೆಸರು ತೆಗೆಯದೆ ಸೊನ್ನೆಗೆ ತರದೇ ಇರುವುದು. ಮುದ್ರೆ ಹಾಕಿದ 20 ಕೆ.ಜಿ. ಬಟ್ಟು ಒಂದಿದ್ದರೆ ದಿನಾ ಮೊದಲು ಅದನ್ನು ಎಲ್ಲರೆದುರು ಇಟ್ಟು ತೋರಿಸಿ. ಅರ್ಧ ನಿಮಿಷದ ಕೆಲಸ.

ಗೋಣಿಚೀಲ

ರೈಟ್ರೇ, ಬಟ್ಟು ಇಲ್ಲದ ಕಡೆ ಸೀಲ್ ಒಡೆಯದ ಯೂರಿಯಾ ಮೂಟೆ ಇಟ್ಟು ನೋಡ್ತಾರೆ, ಅದು ನಡೆಯುತ್ತೆ. ಆದರೆ ಯೂರಿಯಾ ಮೂಟೆ ಈಗ 45 ಕೆ.ಜಿ., 50 ಅಲ್ಲ. ಹಳೇ ಲೆಕ್ಕ ನೆನಪಿಟ್ಟುಕೊಂಡು ‘ತಕ್ಕಡಿ 5 ಕೆ.ಜಿ. ಕಮ್ಮಿ ತೋರಿಸ್ತದೆ’ ಅಂತ ಗಲಾಟೆ ಮಾಡುವವರಿದ್ದಾರೆ.

ಇನ್ನೊಂದು ಮಾತು. ಎಲ್ಲ ತಪ್ಪನ್ನೂ ಸೌಕಾರ್ರ ತಲೆಗೆ ಕಟ್ಟಬೇಡಿ. ಚೀಲದ ಅಡಿಗೆ ಹಸಿ ಎಲೆ, ಕಡ್ಡಿ, ಒಮ್ಮೊಮ್ಮೆ ಕಲ್ಲು ಸಿಗುತ್ತದೆ. ಮಳೆ ಬಿದ್ದ ದಿನ ಹಣ್ಣಿನ ಜೊತೆ ನೀರೂ ತೂಗುತ್ತದೆ.

ಹಳೇ ರೈಟರ್

ಒಪ್ಪಿದೆ. ಅದಕ್ಕೂ ದಾರಿ ಇದೆ. ತೂಗುವ ಮೊದಲು ಟಾರ್ಪಾಲಿನ ಮೇಲೆ ಸುರಿದು ಎಲೆ, ಕಡ್ಡಿ, ಹಸಿ ಕಾಯಿ ಆರಿಸಲಿ. ಹಣ್ಣು ಒದ್ದೆ ಇದ್ದರೆ ಕಾಲು ಗಂಟೆ ನೀರು ಬಸಿಯಲಿ. ಆಮೇಲೆ ತೂಗಿ. ಕಲ್ಲು ಹಾಕಿದ ಒಬ್ಬನಿಗೋಸ್ಕರ ಇಪ್ಪತ್ತೂ ಜನಕ್ಕೆ ‘ಅಂದಾಜು’ ಎರಡು ಕೆ.ಜಿ. ಹೊಡೆಯುವುದಿದೆಯಲ್ಲ, ನ್ಯಾಯವಾಗಿ ದುಡಿದವನಿಗೂ ಕಲ್ಲು ಹಾಕುವುದನ್ನು ಕಲಿಸುವುದು ಅದೇ.

ಉಪದೇಶಿ ಮೇಷ್ಟ್ರು

ಚರ್ಚೆ ಸರಿಯಾದ ಜಾಗದಿಂದಲೇ ಶುರುವಾಗಿದೆ. ಯಾಜಕಕಾಂಡ 19ನೇ ಅಧ್ಯಾಯ ತೆರೆದರೆ ‘ನೆರೆಯವನನ್ನು ನಿನ್ನಂತೆಯೇ ಪ್ರೀತಿಸು’ ಅನ್ನುವ ಮಾತು 18ನೇ ವಚನದಲ್ಲಿದೆ. ಅದರ ಸುತ್ತ ಏನಿದೆ ನೋಡಿ. 9, 10ರಲ್ಲಿ ಹೊಲದ ಅಂಚನ್ನು ಬಡವರಿಗೆ ಬಿಡುವುದು, 13ರಲ್ಲಿ ಕೂಲಿಯವನ ಸಂಬಳವನ್ನು ಮರುದಿನದ ತನಕ ಇಟ್ಟುಕೊಳ್ಳಬಾರದು ಅನ್ನುವುದು, 35, 36ರಲ್ಲಿ ನ್ಯಾಯವಾದ ತಕ್ಕಡಿ, ನ್ಯಾಯವಾದ ತೂಕದ ಕಲ್ಲು. ಪ್ರೀತಿಯ ಆಜ್ಞೆಯನ್ನು ಕೂಲಿ ಮತ್ತು ತಕ್ಕಡಿಯ ನಡುವೆ ಇಟ್ಟಿದ್ದಾರೆ. ನಾವು ಅದೊಂದು ವಚನ ಕಿತ್ತು ಗೋಡೆಗೆ ನೇತುಹಾಕಿದ್ದೇವೆ. ಹೊಸ ಒಡಂಬಡಿಕೆಯಲ್ಲಿ ಯಾಕೋಬನ ಪತ್ರಿಕೆ 5:4 ಇನ್ನೂ ಖಾರ: ಹೊಲ ಕೊಯ್ದವರಿಗೆ ಹಿಡಿದಿಟ್ಟ ಕೂಲಿಯೇ ಕೂಗಿಕೊಳ್ಳುತ್ತದೆ ಅನ್ನುತ್ತಾನೆ.

ಕೂಲಿ ಕೊಡುವ ವಿಷಯದಲ್ಲಿ ಮೊತ್ತದಷ್ಟೇ ಮುಖ್ಯ ಹೊತ್ತು. ಶನಿವಾರ ಸಂಜೆ ಆರೂವರೆಗೆ ಬಟವಾಡೆ ಅಂದರೆ ಕೊನೆಯ ಬಸ್ಸು ಹೋಗಿರುತ್ತದೆ, ಅಂಗಡಿ ಮುಚ್ಚಿರುತ್ತದೆ. ಆ ವಾರದ ಅಕ್ಕಿ ಮತ್ತೆ ಸಾಲದ ಬಾಬ್ತು. ಮಧ್ಯಾಹ್ನ ಮೂರಕ್ಕೆ ಕೊಡಿ. ಹತ್ತು, ಇಪ್ಪತ್ತರ ನೋಟು ಮೊದಲೇ ತಂದಿಟ್ಟುಕೊಳ್ಳಿ, ‘ಚಿಲ್ಲರೆ ಇಲ್ಲ, ಮುಂದಿನ ವಾರ’ ಅನ್ನುವ ಮಾತಿಗೆ ಆಸ್ಪದ ಇರಬಾರದು. ಫೋನಿನಲ್ಲಿ ಹಾಕುವುದಾದರೆ ಹೆಣ್ಣಾಳಿನ ಕೂಲಿ ಅವಳ ಖಾತೆಗೇ ಹೋಗಲಿ. ಗಂಡನ ಖಾತೆಗೆ ಹಾಕಿ ‘ಒಂದೇ ಮನೆ ತಾನೆ’ ಅನ್ನುವುದು ಬಹಳ ಕಡೆ ನಡೆಯುತ್ತಿದೆ, ಅದರಲ್ಲಿ ಎಷ್ಟು ಮನೆಗೆ ಮುಟ್ಟುತ್ತದೆ ಅಂತ ಎಲ್ಲರಿಗೂ ಗೊತ್ತು. ಮುಂಗಡ ಕೊಟ್ಟರೆ ಎರಡು ಪುಸ್ತಕ ಇರಲಿ, ಒಂದು ನಿಮ್ಮಲ್ಲಿ, ಒಂದು ಅವರಲ್ಲಿ. ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದವರಿಗೆ ಕನ್ನಡ ಅಂಕಿ ಓದಲು ಬಾರದು, ಅವರು ಓದುವ ಅಂಕಿಯಲ್ಲೇ ಬರೆಯಿರಿ. ಆಧಾರ್ ಕಾರ್ಡಿನ ಜೆರಾಕ್ಸ್ ಸಾಕು. ಮೂಲ ಕಾರ್ಡನ್ನು ಬೀರುವಿನಲ್ಲಿ ಇಟ್ಟುಕೊಳ್ಳುವುದು ಒತ್ತೆ ಇಟ್ಟುಕೊಂಡ ಹಾಗೆ.

ಅಂದಹಾಗೆ ಜಾರ್ಖಂಡಿನಿಂದ ಬರುವವರಲ್ಲಿ ಕ್ರೈಸ್ತರೂ ಇದ್ದಾರೆ. ಅವರಿಗೆ ನಮ್ಮ ಬೆಂಚಿನಲ್ಲಿ ಜಾಗ ಇದೆಯೋ, ಹಿಂದಿನ ಬಾಗಿಲ ಹತ್ತಿರ ನಿಲ್ಲಬೇಕೋ ಅನ್ನುವುದನ್ನೂ ಊರು ನೋಡುತ್ತದೆ. ಭಾನುವಾರ ಸಂತೆ ಇರುವ ಊರಲ್ಲಿ ಆರಾಧನೆ ಒಂದನ್ನಾದರೂ ಬೆಳಿಗ್ಗೆ ಏಳಕ್ಕೆ ಇಡಿ. ಹತ್ತೂವರೆಗೆ ಮುಗಿಯುವ ಆರಾಧನೆ ಸಂಬಳದವರಿಗೆ ಅನುಕೂಲ, ಸಂತೆಗೆ ಹೋಗಬೇಕಾದವರಿಗಲ್ಲ.

ಅಮ್ಮತ್ತಿ ರೋಬಸ್ಟಾ

ಮೇಷ್ಟ್ರೇ, ಹೊಲದ ಅಂಚು ಬಿಡುವ ವಿಷಯ ಕೇಳಲೇಬೇಕು. ಕಾಫಿಯಲ್ಲಿ ಅದು ಆಗೋದಿಲ್ಲ. ಗಿಡದಲ್ಲಿ ಹಣ್ಣು ಬಿಟ್ಟರೆ ಬೋರರ್, ಅಂದರೆ ಕಾಯಿಕೊರಕ ಹುಳ.

ಸಿಲ್ವರ್ ಓಕ್

ಇದಕ್ಕೆ ನಾನು ಉತ್ತರ ಕೊಡ್ತೇನೆ. 1990ರಲ್ಲಿ ನೀಲಗಿರಿಯಲ್ಲಿ ಮೊದಲು ಕಾಣಿಸಿಕೊಂಡ ಕಾಯಿಕೊರಕ ಹುಳ ಬದುಕುವುದೇ ಕೊಯ್ಲು ಮುಗಿದ ಮೇಲೆ ಗಿಡದಲ್ಲಿ, ನೆಲದಲ್ಲಿ ಉಳಿದ ಹಣ್ಣಿನೊಳಗೆ. ಅದನ್ನು ಬಡವರಿಗೆ ಅಂತ ಹಾಗೇ ಬಿಟ್ಟರೆ ಪಕ್ಕದ ತೋಟದವನಿಗೂ ಕೇಡು. ಅಕ್ಷರಕ್ಕೆ ಅಕ್ಷರ ಪಾಲಿಸುವುದು ಬೇಡ, ಉದ್ದೇಶ ಪಾಲಿಸಿ. ಬಿಡುವುದು ಹಣ್ಣನ್ನಲ್ಲ, ಹೆಕ್ಕುವ ಹಕ್ಕನ್ನು.

ಹೇಗೆ ಅಂದರೆ: ಒಂದೊಂದು ಬ್ಲಾಕ್ ಕೊಯ್ದು ಮುಗಿದು, ರೈಟರ್ ಸುತ್ತಾಡಿ ಸರಿ ಅಂದ ಮೇಲೆ ಎರಡು ದಿನ ಅಲ್ಲಿ ಹೆಕ್ಕುವುದಕ್ಕೆ ಬಿಡಿ. ನೆಲದ್ದು, ಗಿಡದ ತುದಿಯಲ್ಲಿ ಉಳಿದದ್ದು, ಮೆಣಸಿನ ಬಳ್ಳಿಯ ಬುಡದಲ್ಲಿ ಉದುರಿದ್ದು ಎಲ್ಲ ಹೆಕ್ಕಿದವರದೇ. ಮೊದಲ ಹಕ್ಕು ಕೆ.ಜಿ. ಲೆಕ್ಕದಲ್ಲಿ ಕೊಯ್ಯಲಾಗದವರಿಗೆ, ಅಂದರೆ ಮುದುಕಿಯರು, ಬಸುರಿಯರು, ಗಂಡ ಸತ್ತು ಮಕ್ಕಳು ಕೈಯಲ್ಲಿರುವವರು. ಅವರು ನಿಮಗೇ ಮಾರುತ್ತೇನೆ ಅಂದರೆ ಆ ದಿನದ ಪೇಟೆ ದರ ಕೊಡಿ. ಹುಳ ಹೊಡೆದ ಹಣ್ಣು ಜಾಸ್ತಿ ಇದ್ದರೆ ಕುದಿಯುವ ನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ ಒಣಗಿಸಲು ಹೇಳಿ, ಹುಳ ಅಲ್ಲೇ ಸಾಯುತ್ತದೆ. ಬಡವರ ಪಾಲೂ ಸಿಕ್ಕಿತು, ತೋಟವೂ ಚೊಕ್ಕ.

ಕೆಡುವುದೆಲ್ಲಿ ಗೊತ್ತಾ? ಮೇಸ್ತ್ರಿಯ ಮನೆಯವರೇ ಹೆಕ್ಕಲು ಬರುತ್ತಾರೆ, ಅವರಿಗೋಸ್ಕರ ಕೊಯ್ಯುವಾಗಲೇ ಗೊಂಚಲು ಉಳಿಯುತ್ತದೆ. ಅದಕ್ಕೇ ರೈಟರ್ ಒಪ್ಪಿಗೆ ಮೊದಲು, ಹೆಸರಿನ ಪಟ್ಟಿ ಮೊದಲು. ರೂತಳ ಪುಸ್ತಕದ ಬೋವಜ ಬೇಕೆಂದೇ ತೆನೆ ಬೀಳಿಸಿ ಅಂದ, ಅದು ಮಾಲಿಕನೇ ಹೇಳಿದ ಮಾತು. ಮೇಸ್ತ್ರಿಯ ಅಣತಿ ಅಲ್ಲ. ಅದೇ ಅಧ್ಯಾಯದಲ್ಲಿ ಅವನು ಕೆಲಸದವರಿಗೆ ಮೊದಲು ನಮಸ್ಕಾರ ಹೇಳುತ್ತಾನೆ, ಕುಡಿಯುವ ನೀರು ಎಲ್ಲಿದೆ ಅಂತ ತೋರಿಸುತ್ತಾನೆ, ಊಟಕ್ಕೆ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾನೆ. ನಮ್ಮಲ್ಲಿ ಎಷ್ಟು ತೋಟದ ಜಗಲಿಯಲ್ಲಿ ಕೆಲಸದವರ ಕಾಫಿ ಲೋಟ ಇನ್ನೂ ಬೇರೆಯೇ ಇದೆ? ಆ ಲೋಟ ಒಳಗೆ ಬಂದು ಎಲ್ಲರ ಲೋಟದ ಜೊತೆ ತೊಳೆಸಿಕೊಳ್ಳುವ ತನಕ ಬೇರೆ ಯಾವ ಸಾಕ್ಷಿಯೂ ಬೇಡ.

ಗೋಣಿಚೀಲ

ಮಾರುವ ಕಡೆಯದ್ದು ಚುಟುಕಾಗಿ. ಒಣ ಚೆರಿ (ಒಣಗಿಸಿದ ಕಾಫಿ ಹಣ್ಣು) ಕೊಳ್ಳುವಾಗ ಔಟ್‌ಟರ್ನ್ (ಸಿಪ್ಪೆ ತೆಗೆದ ಮೇಲೆ ಎಷ್ಟು ಕಾಳು ಸಿಗುತ್ತದೆ ಅನ್ನುವುದು) ನೋಡಲು ಸ್ಯಾಂಪಲ್ ತೆಗೆಯುತ್ತೇವೆ. ಒಂದೇ ಚೀಲದ ಬಾಯಿಂದ ತೆಗೆಯಬಾರದು, ನಾಲ್ಕೈದು ಚೀಲದ ಮೇಲೆ, ನಡು, ಬುಡದಿಂದ ತೆಗೆದು ಕಲಸಬೇಕು. ಸಿಪ್ಪೆ ತೆಗೆದು ಕಾಳು ತೂಗುವುದು ಬೆಳೆಗಾರನ ಎದುರೇ ಆಗಬೇಕು. ತೂಗಿದ ಮೇಲೆ ಸ್ಯಾಂಪಲ್ ಕಾಳು ವಾಪಸ್ ಅವನ ಚೀಲಕ್ಕೆ. ಇದನ್ನು ಮಾಡುವವರು ಕಮ್ಮಿ. ದಿನಕ್ಕೆ ಹತ್ತಾರು ಸ್ಯಾಂಪಲ್, ಸೀಸನ್ ಮುಗಿಯುವಾಗ ಅದೇ ಒಂದು ರಾಶಿ. ಬೆಳೆಗಾರರ ಕಡೆಯ ಪಾಪವೂ ಇದೆ. ಚೀಲದ ನಡುವೆ ಒಣಗದ ಚೆರಿ, ಹೊಸ ಮೆಣಸಿಗೆ ಹಳೇ ಸ್ಟಾಕು, ಜೊಳ್ಳು ಕಾಳು. ನೀರಿಗೆ ಹಾಕಿದರೆ ಜೊಳ್ಳು ತೇಲುತ್ತದೆ, ಮುಚ್ಚಿಡಲು ಆಗೋದಿಲ್ಲ. ಹೋಂಸ್ಟೇಯವರಿಗೆ ಒಂದೇ ಮಾತು: ಸಕ್ಕರೆ ಪಾಕ ಬೆರೆಸಿದ್ದಕ್ಕೆ ‘ಕೊಡಗಿನ ಜೇನು’ ಅಂತ ಚೀಟಿ ಅಂಟಿಸಿ, ಅದೇ ಗೋಡೆಗೆ ಶಿಲುಬೆ ನೇತುಹಾಕಬೇಡಿ.

ಐನ್‌ಮನೆ ಪಕ್ಕದವ

ನಾನು ಕೊಡವ, ನಿಮ್ಮ ಸಭೆಯವನಲ್ಲ. ಹೊರಗಿನವರೂ ಬರೆಯಬಹುದು ಅಂದಿರಿ, ಅದಕ್ಕೇ ಬರೆಯುತ್ತೇನೆ.

ಕ್ರೈಸ್ತ ನೆರೆಯವರಿಂದ ಊರಿನವರು ಏನು ಬಯಸುತ್ತಾರೆ ಅಂದರೆ ಮೊದಲನೆಯದು ಸಾವಿನ ಮನೆ. ಸಾವಿನ ಸುದ್ದಿ ತಿಳಿಸಲು ಹಾರಿಸುವ ಗುಂಡಿನ ಶಬ್ದ ಕೇಳಿದ ಕೂಡಲೇ ಬರುವವರು ಯಾರು, ಮೂರನೇ ದಿನ ಕರಪತ್ರ ಹಿಡಿದು ಬರುವವರು ಯಾರು ಅಂತ ಜನ ಮರೆಯೋದಿಲ್ಲ. ಕೈಯಲ್ಲಿ ತರಬೇಕಾದ್ದು ಟಾರ್ಪಾಲು, ಕುರ್ಚಿ, ಮಳೆಗಾಲವಾದರೆ ಜನರೇಟರು ಮತ್ತು ಅದಕ್ಕೆ ಡೀಸೆಲ್ (ಜನರೇಟರು ತಂದು ಡೀಸೆಲ್ ಮರೆಯುವವರೇ ಜಾಸ್ತಿ), ಫ್ಲಾಸ್ಕಿನಲ್ಲಿ ಕಾಫಿ, ದೂರದ ನೆಂಟರನ್ನು ಕರೆತರಲು ಒಂದು ಜೀಪು. ಮನೆಯವರು ಹೇಳದ ಹೊರತು ಅಡುಗೆ ತರಬೇಡಿ, ನಮ್ಮಲ್ಲಿ ಸಾವಿನ ಮನೆಯ ಊಟಕ್ಕೆ ನಿಯಮಗಳಿವೆ. ಕೇಳಿ ತನ್ನಿ. ಸಂಸ್ಕಾರ ನಡೆಯುವಾಗ ನಿಮಗೆ ಆಗದ ವಿಧಿ ಇದ್ದರೆ ಎರಡು ಹೆಜ್ಜೆ ಹಿಂದೆ ನಿಂತರೆ ಸಾಕು, ಯಾರೂ ಬೇಜಾರು ಮಾಡಿಕೊಳ್ಳೋದಿಲ್ಲ. ಅಂಗಳ ಬಿಟ್ಟು ಗೇಟಿನ ಹೊರಗೆ ಹೋಗಿ ನಿಂತರೆ ಮಾತ್ರ ಬೇಜಾರು. ಮಾದದ (ತಿಥಿಯ) ದಿನ ಮತ್ತೊಮ್ಮೆ ಮುಖ ತೋರಿಸಿ.

ಎರಡನೆಯದು ಹುತ್ತರಿ, ನಮ್ಮ ಸುಗ್ಗಿ ಹಬ್ಬ. ನಿಮ್ಮ ಹಬ್ಬದ ತಿಂಡಿ ನಾವು ತಿನ್ನುತ್ತೇವೆ, ನಮ್ಮ ತಂಬಿಟ್ಟು ಬಂದಾಗ ಕೈ ಹಿಂದೆ ಹೋಗುತ್ತದೆ. ಬೇಡವಾದರೆ ಬೇಡ ಅನ್ನಿ. ತೆಗೆದುಕೊಂಡು ಬೇಲಿ ಹಿಂದೆ ಎಸೆದದ್ದು ಮರುದಿನ ಕೋಳಿ ಕೆದಕುವಾಗ ಕಾಣುತ್ತದೆ.

ಉಪದೇಶಿ ಮೇಷ್ಟ್ರು

ಪಕ್ಕದ ಮನೆ ಅಣ್ಣ ಹೇಳಿದ ಎರಡನೆಯ ಮಾತಿಗೆ 1 ಕೊರಿಂಥ 10:25ರಿಂದ 29 ಓದಬೇಕು. ಪೌಲ ಅಲ್ಲಿ ಎರಡು ಸಂದರ್ಭ ಬೇರೆ ಮಾಡುತ್ತಾನೆ. ಊಟಕ್ಕೆ ಕರೆದವರು ಬಡಿಸಿದ್ದನ್ನು ಯಾವ ಪ್ರಶ್ನೆಯೂ ಕೇಳದೆ ತಿನ್ನಿರಿ. ಇದು ನೈವೇದ್ಯ ಅಂತ ಯಾರಾದರೂ ಹೇಳಿದರೆ, ಹೇಳಿದವನ ಮನಸ್ಸಾಕ್ಷಿಯ ನಿಮಿತ್ತ ತಿನ್ನಬೇಡಿರಿ. ಹುತ್ತರಿಯ ತಂಬಿಟ್ಟು ಇದರಲ್ಲಿ ಯಾವ ಕಡೆ? ನೆಲ್ಲಕ್ಕಿ ನಡುಬಾಡೆಯಲ್ಲಿ (ಕೊಡವ ಮನೆಯ ದೀಪ ಇಡುವ ನಡುಮನೆಯಲ್ಲಿ) ಎಡೆ ಇಟ್ಟದ್ದೋ, ಅಡುಗೆಮನೆಯಲ್ಲಿ ಮಕ್ಕಳಿಗೆ ಉಂಡೆ ಕಟ್ಟಿದ್ದೋ, ಅಷ್ಟರ ಮೇಲೆ ಉತ್ತರ ನಿಂತಿದೆ.

ಗಡಿಯಾರದ ಗೋಪುರ

ಮೇಷ್ಟ್ರೇ, ಅದನ್ನು ಕೇಳಲು ಹೋದರೇ ‘ಪ್ರಶ್ನೆ ಕೇಳದೆ’ ಅನ್ನುವ ವಚನ ಮುರಿದಂತೆ ಅಲ್ಲವೇ? 8ನೇ ಅಧ್ಯಾಯದಲ್ಲಿ ವಿಗ್ರಹ ಏನೂ ಅಲ್ಲ, ಆಹಾರ ನಮ್ಮನ್ನು ದೇವರ ಬಳಿಗೆ ಸೇರಿಸುವುದಿಲ್ಲ ಅಂತಲೂ ಇದೆ.

ಉಪದೇಶಿ ಮೇಷ್ಟ್ರು

ಅದೇ ಅಧ್ಯಾಯದ ಕೊನೆಯಲ್ಲಿ ಬಲಹೀನ ಸಹೋದರನಿಗೆ ಅಡ್ಡಿಯಾಗುವುದಾದರೆ ಮಾಂಸವನ್ನೇ ಮುಟ್ಟುವುದಿಲ್ಲ ಅಂತಲೂ ಇದೆ ಅಕ್ಕ. ಇದು ನಮ್ಮ ನಮ್ಮೊಳಗೆ ಇಲ್ಲಿ ತೀರುವ ಮಾತಲ್ಲ. ಎಸೆಯುವುದು ತಪ್ಪು ಅನ್ನುವುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯ ಇಲ್ಲ. ತಿನ್ನದವರು ಹಬ್ಬಕ್ಕೆ ಒಂದು ವಾರ ಮೊದಲೇ, ಹಬ್ಬದ ದಿನ ಬಾಗಿಲಲ್ಲಿ ಅಲ್ಲ, ‘ಎಡೆ ಇಟ್ಟದ್ದು ನಾನು ತಿನ್ನೋದಿಲ್ಲ, ಉಳಿದದ್ದು ಕೊಡಿ, ತಿನ್ನುತ್ತೇನೆ’ ಅಂತ ಹೇಳಿಬಿಡಲಿ.

ಐನ್‌ಮನೆ ಪಕ್ಕದವ

ಹಾಗಾದರೆ ಹುತ್ತರಿ ಗೆಣಸು ಬೇಯಿಸಿದ್ದು ಬೇರೆ ಪಾತ್ರೆಯಲ್ಲಿ ಇಡ್ತೇವೆ. ಇಷ್ಟೇ ತಾನೆ.

ಗಡಿಯಾರದ ಗೋಪುರ

ನಾವು ಕೊಡುವ ತಟ್ಟೆಯಲ್ಲೂ ತಪ್ಪಾಗುತ್ತಿದೆ. ವಿರಾಜಪೇಟೆ ಕಡೆಯ ಕೊಂಕಣಿ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಕುಸ್ವಾರ್ (ಹಂಚುವ ಹಬ್ಬದ ತಿಂಡಿಗಳು) ಕಟ್ಟುವವರಿಗೆ ಇದು.

ರೋಸ್ ಕುಕ್ಕೀಸ್‌ನಲ್ಲಿ ಮೊಟ್ಟೆ ಇರುತ್ತದೆ. ಲಿಂಗಾಯತರ, ಬ್ರಾಹ್ಮಣರ ಮನೆಗೆ ಅದನ್ನು ತೆಗೆದು ಉಳಿದದ್ದು ಕೊಟ್ಟರೆ ಸರಿಹೋಯಿತು ಅಂದುಕೊಳ್ಳುತ್ತೇವೆ. ಸರಿಹೋಗಿಲ್ಲ. ಅದೇ ಎಣ್ಣೆಯಲ್ಲಿ ತುಕ್ಡಿ, ನೆವ್ರಿ ಕರಿದಿದ್ದೇವಲ್ಲ. ಕರಿಯುವ ಸರದಿ ಬದಲಿಸಿ. ಹೊಸ ಎಣ್ಣೆ, ಮೊದಲು ಎಳ್ಳು ಕೊಬ್ಬರಿ ತುಂಬಿದ ನೆವ್ರಿ, ಆಮೇಲೆ ಮೊಟ್ಟೆ ಹಾಕದ ಹಿಟ್ಟಿನ ತುಕ್ಡಿ. ಕೊಡಬೇಕಾದ ಡಬ್ಬಿ ತುಂಬಿ ಮುಚ್ಚಿ ಮೇಲೆ ಇಟ್ಟಾದ ಮೇಲೆ ಕೊನೆಗೆ ರೋಸ್ ಕುಕ್ಕೀಸ್. ಮೊಟ್ಟೆ ಬಿಟ್ಟೂ ಅದನ್ನು ಮಾಡಬಹುದು: ಮೈದಾ, ಅಕ್ಕಿಹಿಟ್ಟು, ಸ್ವಲ್ಪ ಕಾರ್ನ್‌ಫ್ಲೋರ್, ತೆಂಗಿನ ಹಾಲು, ಸಕ್ಕರೆ. ಹಿಟ್ಟು ಅಚ್ಚಿನ ಮುಕ್ಕಾಲು ಎತ್ತರಕ್ಕೆ ಮಾತ್ರ ಮುಟ್ಟಬೇಕು. ಮೇಲೆ ಹತ್ತಿದರೆ ಹೂವು ಬಿಡೋದಿಲ್ಲ, ಅಚ್ಚು ಕಾಯದಿದ್ದರೆ ಹಿಟ್ಟು ಹಿಡಿಯೋದೇ ಇಲ್ಲ.

ಮುಸ್ಲಿಂ ನೆರೆಯವರಿಗೆ ಕೊಡುವ ಕೇಕಿಗೆ ದ್ರಾಕ್ಷಿ, ಗೇರುಬೀಜ ರಮ್‌ನಲ್ಲಿ ನೆನೆಸಬೇಡಿ, ಕಿತ್ತಳೆ ರಸದಲ್ಲಿ ನೆನೆಸಿ. ಆದರೆ ರಮ್‌ನ ಹಾಗೆ ವಾರಗಟ್ಟಲೆ ಇಡಲಾಗೋದಿಲ್ಲ, ಫ್ರಿಜ್ಜಿನಲ್ಲಿ ಎರಡು ದಿನ, ಅಷ್ಟೇ. ಹಂದಿ ಕೊಬ್ಬು ಮುಟ್ಟಿದ ತಟ್ಟೆ ಅವರ ಕೇಕಿಗೆ ಬೇಡವೇ ಬೇಡ. ಡಬ್ಬಿ ಮೇಲೆ ‘ಮೊಟ್ಟೆ ಇಲ್ಲ’, ‘ರಮ್ ಇಲ್ಲ’ ಅಂತ ಬರೆಯಿರಿ, ಬೈಬಲ್ ವಚನದ ಜಾಗದಲ್ಲಿ. ನೆರೆಮನೆಯ ನಿಯಮವನ್ನು ನೀವು ನೆನಪಿಟ್ಟುಕೊಂಡಿದ್ದೀರಿ ಅನ್ನುವುದು ಆ ಎರಡು ಪದದಲ್ಲಿ ಗೊತ್ತಾಗುತ್ತದೆ.

ಇನ್ನೊಂದು ನೆನಪಿರಲಿ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ನಮ್ಮ ಹಿರಿಯರಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ಇಲ್ಲಿ ನೆಲ ಕೊಟ್ಟ, ಸಂತ ಅನ್ನಮ್ಮನವರ ಚರ್ಚು 1792ರಲ್ಲಿ ಎದ್ದಿತು. ಈ ನಾಡಲ್ಲಿ ಮೊದಲು ಕೊಟ್ಟವರು ನಾವಲ್ಲ, ತೆಗೆದುಕೊಂಡವರು ನಾವು. ಕೊಡುವಾಗ ಕೈ ಸ್ವಲ್ಪ ಕೆಳಗಿರಲಿ.

ರಾತ್ರಿ ಪಾಳಿ

ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ. ಡ್ಯೂಟಿ ಹೊತ್ತಿನಲ್ಲಿ ರೋಗಿಗೆ ಪ್ರಾರ್ಥನೆ ಮಾಡಲು ಹೋಗಬೇಡಿ. ಹಾಸಿಗೆಯಲ್ಲಿ ಮಲಗಿದವರು, ಸೂಜಿ ನಿಮ್ಮ ಕೈಯಲ್ಲಿರುವಾಗ, ‘ಬೇಡ’ ಅನ್ನುವ ಸ್ಥಿತಿಯಲ್ಲಿ ಇರೋದಿಲ್ಲ. ಅವರಾಗಿ ಕೇಳಿದರೆ, ಪಾಳಿ ಮುಗಿದ ಮೇಲೆ, ಮನೆಯವರಿಗೂ ಗೊತ್ತಿದ್ದು, ಎರಡು ನಿಮಿಷ. ಪ್ರಜ್ಞೆ ಇಲ್ಲದವರ ತಲೆ ಮೇಲೆ ಕೈಯಿಟ್ಟು ಜೋರಾಗಿ ಪ್ರಾರ್ಥಿಸುವುದು ಅವರ ಒಪ್ಪಿಗೆ ಇಲ್ಲದೆ ಮಾಡಿದ ಕೆಲಸ. ಮನಸ್ಸಿನಲ್ಲಿ ಪ್ರಾರ್ಥಿಸಲು ಯಾರ ಅಡ್ಡಿಯೂ ಇಲ್ಲ.

ಕಾಣಬೇಕಾದ್ದು ಬೇರೆ ಕಡೆ. ಆಪರೇಷನ್‌ಗೆ ಮೊದಲು ಲೋಹ ತೆಗೆಯಬೇಕು, ಪತ್ತಾಕ್ (ಕೊಡವ ಹೆಂಗಸರ ಮಾಂಗಲ್ಯದ ಪದಕ) ಆಗಲಿ ತಾಳಿಯಾಗಲಿ. ‘ತೆಗೀರಿ’ ಅಂತ ಕೈ ಚಾಚಬೇಡಿ. ಯಾಕೆ ಅಂತ ಹೇಳಿ, ಅವರೇ ಅಥವಾ ಮನೆಯ ಹೆಂಗಸೊಬ್ಬರು ಬಿಚ್ಚಲಿ, ಪರದೆ ಎಳೆದಿರಲಿ. ರಿಜಿಸ್ಟರಿನಲ್ಲಿ ‘ಹಳದಿ ಲೋಹದ ಪತ್ತಾಕ್ 1, ಸರ ಸಮೇತ’ ಅಂತ ಬರೆದು, ತೆಗೆದುಕೊಂಡವರ ಸಹಿ ಹಾಕಿಸಿ. ‘ಚಿನ್ನ’ ಅಂತ ಬರೆಯೋದಿಲ್ಲ, ಅದನ್ನು ಪರೀಕ್ಷಿಸಿದವರು ನಾವಲ್ಲ. ಮಣಿಕಟ್ಟಿನ ದಾರ, ತೋಳಿನ ತಾಯಿತದ ನೂಲು ಆಪರೇಷನ್ ಜಾಗಕ್ಕೆ ಅಡ್ಡ ಬರದಿದ್ದರೆ ಡಾಕ್ಟರನ್ನು ಕೇಳಿ ಟೇಪ್ ಸುತ್ತಿ ಬಿಡಬಹುದು. ಕತ್ತರಿಸಲೇಬೇಕಾದರೆ ಕೇಳಿ ಕತ್ತರಿಸಿ, ತುಂಡನ್ನು ಕಸಕ್ಕೆ ಹಾಕದೆ ಕವರಿನಲ್ಲಿಟ್ಟು ಕೊಡಿ. ಬೇರೆಯವರ ನಂಬಿಕೆಯ ನೂಲನ್ನು ನೀವು ಹೇಗೆ ಹಿಡಿಯುತ್ತೀರಿ ಅನ್ನುವುದರಲ್ಲಿ ನಿಮ್ಮ ನಂಬಿಕೆ ಎಂಥದ್ದು ಅಂತ ಅವರು ಓದುತ್ತಾರೆ. ಯಾರಾದರೂ ‘ಸಿಸ್ಟರ್, ನೀವು ಯಾಕೆ ಹೀಗೆ?’ ಅಂತ ಕೇಳಿದರೆ 1 ಪೇತ್ರ 3:15ಕ್ಕೆ ಜಾಗ ಸಿಕ್ಕಿತು. ಅಲ್ಲಿಯೂ ಕೇಳಿದವರಿಗೆ ಉತ್ತರ ಕೊಡಿ, ಸೌಮ್ಯವಾಗಿ ಕೊಡಿ ಅಂತಿದೆ. ಎರಡು ವಾಕ್ಯ ಸಾಕು, ಪ್ರಸಂಗ ಬೇಡ.

ಸಿಲ್ವರ್ ಓಕ್

ಸಹಾಯದ ಕಿಟ್‌ಗಳ ವಿಷಯ ಯಾರೂ ಎತ್ತಲಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗಿನಿಂದ ಮಳೆಗಾಲ ಬಂದರೆ ಎಲ್ಲ ಸಭೆಗಳೂ ಕಿಟ್ ತಯಾರು ಮಾಡುತ್ತವೆ. ಕಿಟ್‌ನಲ್ಲಿ ಕರಪತ್ರ ಹಾಕಬೇಕೋ ಬೇಡವೋ?

ಉಪದೇಶಿ ಮೇಷ್ಟ್ರು

ಬೇಡ. ಕಾರಣ ಎರಡು. ಸಂವಿಧಾನದ 25ನೇ ವಿಧಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ, ಅದು ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಅಂತ ಸುಪ್ರೀಂ ಕೋರ್ಟು 1977ರಲ್ಲೇ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಹೇಳಿದೆ. ಕರ್ನಾಟಕದ 2022ರ ಮತಾಂತರ ತಡೆ ಕಾಯ್ದೆ ಉಡುಗೊರೆ, ಹಣ, ಉದ್ಯೋಗಗಳನ್ನು ಆಮಿಷದ ಪಟ್ಟಿಗೆ ಸೇರಿಸಿತು. ಅದನ್ನು ಹಿಂಪಡೆಯಲು 2023ರಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಕಾಯ್ದೆ ಇರಲಿ ಬಿಡಲಿ, ಎರಡನೆಯ ಕಾರಣ ಹಾಗೇ ಇರುತ್ತದೆ: ಮನೆ ಕಳೆದುಕೊಂಡವನ ಕೈಗೆ ಅಕ್ಕಿಯ ಜೊತೆ ಕರಪತ್ರ ಕೊಟ್ಟರೆ ಅವನು ಅಕ್ಕಿಗೆ ಬೆಲೆ ಕೇಳಿದರು ಅಂತಲೇ ತಿಳಿಯುತ್ತಾನೆ. ಕೊಡಗಿನಲ್ಲಿ ಈ ಅನುಮಾನ ಹಳೆಯದು. 1850ರ ದಶಕದಲ್ಲಿ ಜರ್ಮನ್ ಮಿಷನರಿ ಮೋಗ್ಲಿಂಗ್ ಬಂದು, ದಲಿತರು ಕ್ರೈಸ್ತರಾಗಿ ಅವರ ಊರಾದ ಆನಂದಪುರ ಹುಟ್ಟಿದ ಕಾಲದಿಂದ ‘ನೆಲಕ್ಕೋಸ್ಕರವೋ, ನಂಬಿಕೆಗೋಸ್ಕರವೋ’ ಅನ್ನುವ ಪ್ರಶ್ನೆ ಕೇಳುತ್ತಲೇ ಬಂದಿದ್ದಾರೆ. ಆ ಜನರಿಗೆ ಮನುಷ್ಯರಾಗಿ ನಿಲ್ಲಲು ಒಂದು ನೆಲ ಬೇಕಿತ್ತು ಅನ್ನುವುದನ್ನು ಪ್ರಶ್ನೆ ಕೇಳುವವರು ಮರೆಯುತ್ತಾರೆ, ಅದು ಬೇರೆ ಮಾತು.

ಹಾಗಾದರೆ ಮತ್ತಾಯ 5:16 ‘ನಿಮ್ಮ ಒಳ್ಳೆಯ ಕ್ರಿಯೆ ಜನ ನೋಡಲಿ’ ಅನ್ನುತ್ತದೆ, 6:3 ‘ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲಿ’ ಅನ್ನುತ್ತದೆ, ಯಾವುದು ಸರಿ ಅಂತ ಕೂಟದಲ್ಲಿ ಖಂಡಿತ ಕೇಳುತ್ತಾರೆ. ಐದನೆಯದರಲ್ಲಿ ಕೊಂಡಾಟ ತಂದೆಗೆ, ಆರನೆಯದರಲ್ಲಿ ಖಂಡಿಸಿದ್ದು ತನಗೆ ಕೊಂಡಾಟ ಬಯಸುವವನನ್ನು. ಕಿಟ್‌ಗೆ ಇದನ್ನು ಅನ್ವಯಿಸಿದರೆ: ಕೆಲಸ ಕಾಣಲಿ, ಹೆಸರು ಕಾಣದಿರಲಿ. ಬ್ಯಾನರ್ ಇಲ್ಲ, ತೆಗೆದುಕೊಳ್ಳುವವರ ಮುಖದ ಫೋಟೋ ಇಲ್ಲ. ಲೆಕ್ಕ ಬೇಕಾದರೆ ಮೂಟೆಗಳ ಫೋಟೋ ಮತ್ತು ಬಿಲ್ಲು ಸಾಕು. ಪಟ್ಟಿಯನ್ನು ಪಂಚಾಯ್ತಿ ಸದಸ್ಯರ ಜೊತೆ ಕೂತು ಮಾಡಿ, ಸಭೆಯವರ ಹೆಸರು ಮೇಲೆ ಬರಬಾರದು. ಅಕ್ಕಿ, ಬೇಳೆಯ ಜೊತೆ ಟಾರ್ಚು, ಹೆಣ್ಣುಮಕ್ಕಳ ಪ್ಯಾಡು, ಕಾಗದಪತ್ರ ಒದ್ದೆಯಾಗದಂತೆ ಜಿಪ್ ಇರುವ ಪ್ಲಾಸ್ಟಿಕ್ ಕವರು ಹಾಕಿ. ಹಳೇ ಬಟ್ಟೆ ಬೇಡ. ಅದು ಒದ್ದೆಯಾಗಿ ಮೂಲೆಯಲ್ಲಿ ಕೊಳೆಯುವುದೇ ಹೆಚ್ಚು.

ಹಳೇ ರೈಟರ್

ಒಂದು ಸಣ್ಣದು. ತೋಟದಲ್ಲಿ ಕೆಲಸ ಕೊಡುವವರು ತಮ್ಮ ಆಳುಗಳನ್ನು ಪ್ರಾರ್ಥನಾ ಕೂಟಕ್ಕೆ ಕರೆಯುವಾಗಲೂ ಇದೇ ನಿಯಮ. ನೀವು ‘ಬನ್ನಿ’ ಅಂದರೆ ಅವರ ಕಿವಿಗೆ ಅದು ಹಾಜರಿಯ ಹಾಗೇ ಕೇಳುತ್ತದೆ. ಕರೆಯದಿರುವುದು ವಾಸಿ.

ಅಮ್ಮತ್ತಿ ರೋಬಸ್ಟಾ

ಎಲ್ಲ ಬರೆದುಕೊಂಡೆ. ಕೊನೆಯ ಪ್ರಶ್ನೆ. ಡಿಸೆಂಬರಿನಲ್ಲಿ ಮನೆ ಮನೆಗೆ ಕ್ಯಾರಲ್ಸ್ (ಕ್ರಿಸ್‌ಮಸ್ ಹಾಡು ಹಾಡಲು) ಹೋಗುತ್ತೇವೆ. ಅದರಲ್ಲಿ ಏನು ತಪ್ಪುತ್ತದೆ?

ಗಡಿಯಾರದ ಗೋಪುರ

ಹೊತ್ತು. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕ ನಿಷಿದ್ಧ, 2000ದ ಶಬ್ದಮಾಲಿನ್ಯ ನಿಯಮ. ಧ್ವನಿವರ್ಧಕವೇ ಬೇಡ, ಗಿಟಾರು ಒಂದು, ತಬಲಾ ಒಂದು. ಸಂಜೆ ಆರಕ್ಕೆ ಶುರು, ಒಂಬತ್ತಕ್ಕೆ ಮುಗಿಸಿ. ಮನೆಗೆ ಎರಡು ಹಾಡು, ಹತ್ತು ನಿಮಿಷ, ಅದರಲ್ಲಿ ಒಂದಾದರೂ ಕನ್ನಡದ್ದು. ಕ್ರೈಸ್ತರಲ್ಲದ ಮನೆಯಲ್ಲಿ ಕಾಣಿಕೆ ಡಬ್ಬಿ ಚಾಚಬೇಡಿ, ಅವರಾಗಿ ಕೊಟ್ಟರೆ ರಸೀದಿ ಬರೆದು, ಯಾತಕ್ಕೆ ಅಂತ ಹೇಳಿ ತೆಗೆದುಕೊಳ್ಳಿ. ಸೂತಕದ ಮನೆ ಎದುರು ಹಾಡು ನಿಲ್ಲಿಸಿ ನಡೆಯಿರಿ.

ಸಿಲ್ವರ್ ಓಕ್

ಸಿದ್ದಾಪುರ, ಅಮ್ಮತ್ತಿ, ಮಾಲ್ದಾರೆ ಕಡೆ ನಡೆದು ಹೋಗುವ ಮಾತೇ ಬೇಡ. ಆನೆ ಯಾವ ತೋಟದಲ್ಲಿದೆ ಅಂತ ಅವತ್ತೇ ಮಧ್ಯಾಹ್ನ ಅರಣ್ಯ ಇಲಾಖೆಯವರನ್ನು ಕೇಳಿ. ಎರಡು ವಾಹನ, ಕೊನೆಯ ಮನೆಯಿಂದ ಎಲ್ಲರೂ ಒಟ್ಟಿಗೆ ವಾಪಸ್, ಸಾಂಟಾ ವೇಷದ ಹುಡುಗನೂ ಸೇರಿ. ಅವನು ಯಾವಾಗಲೂ ಹಿಂದೆ ಉಳಿಯುತ್ತಾನೆ.

ಐನ್‌ಮನೆ ಪಕ್ಕದವ

ನಮ್ಮ ಕಡೆ ಬರುವುದು ಯಾವತ್ತು ಅಂತ ಮೊದಲೇ ಹೇಳಿ. ನಾಯಿ ನಾಲ್ಕಿವೆ, ಕಟ್ಟಿಹಾಕಬೇಕು.